ನೆಲ, ಜಲದ ಲೆಕ್ಕಕ್ಕೆ ಪದರ ನಕಾಶೆ: ಭೌಗೋಳಿಕ ಮಾಹಿತಿ ವ್ಯವಸ್ಥೆಯ ಮೊದಲ ಪಾಠ

ಒಂದೇ ಗ್ರಾಮದಲ್ಲಿ, ಎಷ್ಟೋ ಸಲ ಒಂದೇ ಸರ್ವೆ ನಂಬರಿನಲ್ಲಿ ಕೂಡ, ಮಣ್ಣು ಒಂದೇ ತೆರನಾಗಿರುವುದಿಲ್ಲ. ದಿಬ್ಬದ ಮೇಲೆ ಒಂದು ಗೇಣು ಅಗೆದರೆ ಗರಸು ಸಿಗುತ್ತದೆ. ಅದೇ ಹೊಲದ ತಗ್ಗಿನಲ್ಲಿ ಆಳುದ್ದ ಅಗೆದರೂ ಮಣ್ಣು ಮುಗಿಯುವುದಿಲ್ಲ. ಬಿದ್ದ ಮಳೆ ಒಂದು ಕಡೆ ಇಂಗುತ್ತದೆ, ಇನ್ನೊಂದು ಕಡೆ ಹರಿದು ಹಳ್ಳ ಸೇರುತ್ತದೆ, ಮತ್ತೊಂದು ಕಡೆ ನಿಂತು ಬೇರು ಕೊಳೆಸುತ್ತದೆ. ಹೀಗಿರುವಾಗ ಊರಿಗೆಲ್ಲ ಒಂದೇ ಬಗೆಯ ಬದು, ಒಂದೇ ಅಳತೆಯ ಹೊಂಡ, ಒಂದೇ ಬೆಳೆ ಎಂದು ಹೊರಟರೆ ಹಣವೂ ಹೋಗುತ್ತದೆ, ನೆಲವೂ ಕೆಡುತ್ತದೆ.

ಇದಕ್ಕೆ ಸಮಪಾತಳಿ ಬದು ಒಳ್ಳೆಯ ನಿದರ್ಶನ. ಮಳೆ ಕಡಿಮೆ ಇರುವ ಪ್ರದೇಶದ, ನೀರು ಬೇಗ ಇಂಗುವ ಕೆಂಪು ಮಣ್ಣಿನಲ್ಲಿ ಈ ಬದು ಮಣ್ಣನ್ನೂ ಉಳಿಸುತ್ತದೆ, ತೇವವನ್ನೂ ಹಿಡಿಯುತ್ತದೆ. ಅದನ್ನೇ ಆಳವಾದ ಎರೆಭೂಮಿಯಲ್ಲಿ ಹಾಕಿದರೆ ನೀರು ಬದುವಿನ ಮಗ್ಗುಲಲ್ಲಿ ದಿನಗಟ್ಟಲೆ ನಿಂತು ಬೆಳೆ ಹಳದಿಯಾಗುತ್ತದೆ. ಬೇಸಗೆಯಲ್ಲಿ ಎರೆಮಣ್ಣು ಬಿರಿದಾಗ ಬದುವೂ ಬಿರಿಯುತ್ತದೆ. ಮುಂದಿನ ದೊಡ್ಡ ಮಳೆಯಲ್ಲಿ ಆ ಬಿರುಕಿನಲ್ಲಿಯೇ ನೀರು ಹೊಕ್ಕು ಬದು ಒಡೆಯುತ್ತದೆ, ಕೆಳಗಿನ ಹೊಲದಲ್ಲಿ ಕೊರಕಲು ಬೀಳುತ್ತದೆ. ಕೆಲಸ ಅಚ್ಚುಕಟ್ಟಾಗಿಯೇ ನಡೆದಿದ್ದರೂ ಜಾಗ ತಪ್ಪಾದುದರಿಂದ ನಷ್ಟವುಂಟಾಗುತ್ತದೆ.

ಯಾವ ಜಾಗಕ್ಕೆ ಯಾವ ಕೆಲಸ ಎಂಬುದನ್ನು ಗೊತ್ತುಮಾಡಲು ಮಣ್ಣಿನ ಆಳ, ಇಳಿಜಾರು, ನೀರು ಹರಿಯುವ ದಾರಿ, ಮಳೆ, ಹಿಡುವಳಿಯ ಗಡಿ ಇವೆಲ್ಲವನ್ನೂ ಒಟ್ಟಿಗೆ ನೋಡಬೇಕಾಗುತ್ತದೆ. ಹೀಗೆ ಒಟ್ಟಿಗೆ ನೋಡುವ ವಿಧಾನಕ್ಕೆ ಭೌಗೋಳಿಕ ಮಾಹಿತಿ ವ್ಯವಸ್ಥೆ, ಸಂಕ್ಷಿಪ್ತವಾಗಿ ಜಿ.ಐ.ಎಸ್., ಎಂದು ಹೆಸರು. ಇದು ಕಂಪ್ಯೂಟರ್ ಬಲ್ಲವರಿಗೆ ಮಾತ್ರ ಮೀಸಲಾದ ವಿದ್ಯೆಯೆಂಬ ಭಾವನೆ ಇದೆ. ಆದರೆ ಇದರ ಮೂಲ ತತ್ವವನ್ನು ಗ್ರಾಮ ನಕಾಶೆ, ನಾಲ್ಕು ಹಾಳೆ ಟ್ರೇಸಿಂಗ್ ಕಾಗದ ಮತ್ತು ಒಂದು ಪೆನ್ಸಿಲಿನಿಂದ ಕಲಿಯಬಹುದು.

ಪದರಗಳೆಂದರೇನು?

ಪಹಣಿಯಲ್ಲಿ ಹೊಲದ ವಿವರವಿದೆ, ಆಕಾರವಿಲ್ಲ. ಗ್ರಾಮ ನಕಾಶೆಯಲ್ಲಿ ಹೊಲದ ಆಕಾರವಿದೆ, ವಿವರವಿಲ್ಲ. ಎರಡರಲ್ಲಿಯೂ ಸಮಾನವಾಗಿರುವುದು ಸರ್ವೆ ನಂಬರು. ಆ ನಂಬರಿನ ಆಧಾರದಿಂದ ಆಕಾರವನ್ನೂ ವಿವರವನ್ನೂ ಜೋಡಿಸಿದರೆ, ನಕಾಶೆಯ ಮೇಲೆ ಒಂದು ಹೊಲವನ್ನು ಮುಟ್ಟಿದೊಡನೆ ಅದರ ವಿಸ್ತೀರ್ಣ, ಬೆಳೆ, ನೀರಾವರಿಯ ಮೂಲ ಎಲ್ಲವೂ ಕಾಣುತ್ತವೆ. ಇದು ಭೌಗೋಳಿಕ ಮಾಹಿತಿ ವ್ಯವಸ್ಥೆಯ ಮೊದಲ ಮೆಟ್ಟಿಲು.

ಎರಡನೆಯ ಮೆಟ್ಟಿಲು ಪದರಗಳದು. ಹೊಲದ ಗಡಿಗಳು ಒಂದು ಪದರ, ಮಣ್ಣಿನ ಆಳ ಇನ್ನೊಂದು, ಇಳಿಜಾರು ಮೂರನೆಯದು, ಹಳ್ಳ, ಕೆರೆ, ಬಾವಿಗಳು ನಾಲ್ಕನೆಯದು. ಎಲ್ಲ ಪದರಗಳೂ ಒಂದೇ ಅಳತೆಯಲ್ಲಿದ್ದು, ನೆಲದ ಮೇಲಿನ ಒಂದೇ ಸ್ಥಾನಕ್ಕೆ ಹೊಂದಿಕೊಂಡಿದ್ದರೆ, ಒಂದರ ಮೇಲೊಂದಿಟ್ಟು ಮೇಲಿನಿಂದ ನೋಡಬಹುದು. ಆಗ “ಆಳ ಒಂದು ಮೀಟರಿಗಿಂತ ಹೆಚ್ಚು, ಇಳಿಜಾರು ಶೇಕಡ 1ಕ್ಕಿಂತ ಕಡಿಮೆ, ಎರೆಮಣ್ಣು” ಎಂಬ ಮೂರು ಗುಣಗಳೂ ಕೂಡಿರುವ ಜಾಗ ಯಾವುದೆಂದು ತಾನಾಗಿಯೇ ತಿಳಿಯುತ್ತದೆ.

ಈ ವಿದ್ಯೆ ಹುಟ್ಟಿದ್ದೂ ನೆಲದ ಲೆಕ್ಕಕ್ಕಾಗಿಯೇ. 1960ರ ದಶಕದಲ್ಲಿ ಕೆನಡಾ ದೇಶವು ತನ್ನ ಭೂಮಿಯಲ್ಲಿ ಬೇಸಾಯಕ್ಕೆ, ಅರಣ್ಯಕ್ಕೆ, ವನ್ಯಜೀವಿಗಳಿಗೆ ಯಾವ ಯಾವ ಭಾಗ ಯೋಗ್ಯವೆಂಬುದರ ಸಮೀಕ್ಷೆ ಕೈಗೊಂಡಿತು. ತಯಾರಾಗಬೇಕಿದ್ದ ನಕಾಶೆಗಳ ರಾಶಿಯನ್ನು ಕೈಯಿಂದ ಹೋಲಿಸುವುದು ಅಸಾಧ್ಯವೆಂದು ಕಂಡಾಗ ರೋಜರ್ ಟಾಮ್ಲಿನ್ಸನ್ ಎಂಬ ಭೂಗೋಳಜ್ಞರು ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸುವ ಕ್ರಮವನ್ನು ರೂಪಿಸಿದರು. ಜಿ.ಐ.ಎಸ್. ಎಂಬ ಹೆಸರು ಬಂದದ್ದು ಅಲ್ಲಿಂದಲೇ.

ಅಳತೆ ತಿಳಿಯದೆ ನಕಾಶೆ ಓದಬಾರದು

ನಕಾಶೆಯನ್ನು ಕೈಗೆ ತೆಗೆದುಕೊಂಡವರು ಮೊದಲು ನೋಡಬೇಕಾದುದು ಅದರ ಅಳತೆಯ ಪ್ರಮಾಣ. ಕರ್ನಾಟಕದ ಗ್ರಾಮ ನಕಾಶೆಗಳಲ್ಲಿ 1:7920 ಎಂಬ ಪ್ರಮಾಣ ಬಳಕೆಯಲ್ಲಿದೆ. ಅಂದರೆ ನಕಾಶೆಯ 8 ಅಂಗುಲ ನೆಲದ 1 ಮೈಲಿಗೆ ಸಮ. 1 ಅಂಗುಲ 660 ಅಡಿಗೆ ಸಮ. ನಕಾಶೆಯ ಒಂದು ಚದರ ಅಂಗುಲ ಸರಿಯಾಗಿ 10 ಎಕರೆಯಾಗುತ್ತದೆ. ಅಂಗುಲವನ್ನು ಹತ್ತು ಭಾಗ ಮಾಡಿದ ಗ್ರಾಫ್ ಕಾಗದವನ್ನು ಇದರ ಮೇಲಿಟ್ಟರೆ ಪ್ರತಿ ಚಿಕ್ಕ ಚೌಕವೂ 4 ಗುಂಟೆ. ಹತ್ತು ಚಿಕ್ಕ ಚೌಕ ಸೇರಿದರೆ ಒಂದು ಎಕರೆ. ಯಾವ ಯಂತ್ರವೂ ಇಲ್ಲದೆ ವಿಸ್ತೀರ್ಣ ತೆಗೆಯಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕಾಶೆಗಳು ಸಾಮಾನ್ಯವಾಗಿ 1:50,000 ಪ್ರಮಾಣದವು. ಅದರಲ್ಲಿ 1 ಸೆಂಟಿಮೀಟರ್ ಎಂದರೆ ನೆಲದ 500 ಮೀಟರ್. 1 ಚದರ ಸೆಂಟಿಮೀಟರ್ ಎಂದರೆ 25 ಹೆಕ್ಟೇರ್. ಒಂದು ಎಕರೆಯ ಚೌಕ ಹೊಲದ ಒಂದು ಬದಿ ಗ್ರಾಮ ನಕಾಶೆಯಲ್ಲಿ 8 ಮಿಲಿಮೀಟರ್ ಕಂಡರೆ, ಸ್ಥಳಾಕೃತಿ ನಕಾಶೆಯಲ್ಲಿ ಸುಮಾರು ಒಂದೂಕಾಲು ಮಿಲಿಮೀಟರ್ ಮಾತ್ರ. ಪೆನ್ಸಿಲಿನ ಗೆರೆಯೇ ಅದನ್ನು ಮುಚ್ಚಿಬಿಡುತ್ತದೆ. ಆದುದರಿಂದ ಸ್ಥಳಾಕೃತಿ ನಕಾಶೆ ಹಳ್ಳ, ಗುಡ್ಡ, ಜಲಾನಯನದ ಗಡಿಗೆ ಯೋಗ್ಯವೇ ಹೊರತು ಒಂದೊಂದು ಹೊಲದ ಸಲಹೆಗೆ ಯೋಗ್ಯವಲ್ಲ. ಸಣ್ಣ ಪ್ರಮಾಣದ ನಕಾಶೆಯನ್ನು ಕಂಪ್ಯೂಟರಿನಲ್ಲಿ ಎಷ್ಟು ದೊಡ್ಡದು ಮಾಡಿ ನೋಡಿದರೂ ಅದರಲ್ಲಿ ಇಲ್ಲದ ವಿವರ ಹೊಸದಾಗಿ ಹುಟ್ಟುವುದಿಲ್ಲ.

ಸ್ಥಳಾಕೃತಿ ನಕಾಶೆಯಿಂದ ಇಳಿಜಾರು ತೆಗೆಯುವುದು ಹೀಗೆ: ಅದರಲ್ಲಿ ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತ ರೇಖೆಗಳು ಸಾಮಾನ್ಯವಾಗಿ 20 ಮೀಟರ್ ಅಂತರದವು. ಎರಡು ರೇಖೆಗಳ ನಡುವೆ ನಕಾಶೆಯಲ್ಲಿ 2 ಸೆಂಟಿಮೀಟರ್ ಇದ್ದರೆ ನೆಲದಲ್ಲಿ 1,000 ಮೀಟರ್. 1,000 ಮೀಟರಿಗೆ 20 ಮೀಟರ್ ಇಳಿತವೆಂದರೆ ಇಳಿಜಾರು ಶೇಕಡ 2.

ಬಿಂದು, ರೇಖೆ, ಕ್ಷೇತ್ರ ಮತ್ತು ಚೌಕ

ನೆಲದ ಮೇಲಿನ ವಸ್ತುಗಳನ್ನು ಈ ವ್ಯವಸ್ಥೆಯಲ್ಲಿ ಎರಡು ಬಗೆಯಾಗಿ ಬರೆದಿಡಲಾಗುತ್ತದೆ. ಮೊದಲನೆಯ ಬಗೆಯಲ್ಲಿ ಬಾವಿ, ಕೊಳವೆಬಾವಿ, ಬಾಂದುಕಲ್ಲು ಇವು ಬಿಂದುಗಳು. ಹಳ್ಳ, ದಾರಿ, ಬದು ಇವು ರೇಖೆಗಳು. ಹೊಲ, ಕೆರೆ, ಗೋಮಾಳ ಇವು ಕ್ಷೇತ್ರಗಳು. ಪ್ರತಿಯೊಂದಕ್ಕೂ ಒಂದು ಪಟ್ಟಿ ಅಂಟಿಕೊಂಡಿರುತ್ತದೆ. ಕೊಳವೆಬಾವಿಯ ಬಿಂದುವಿಗೆ ಆಳ, ಕೊರೆದ ವರ್ಷ, ನೀರು ನಿಂತ ತಿಂಗಳು. ಹೊಲದ ಕ್ಷೇತ್ರಕ್ಕೆ ಮಣ್ಣು, ಬೆಳೆ, ಇಳುವರಿ ಎಂದು ಬರೆದಿಡಬಹುದು.

ಎರಡನೆಯ ಬಗೆ ಉಪಗ್ರಹ ಚಿತ್ರಗಳದು. ಇಲ್ಲಿ ನೆಲವನ್ನು ಸಮನಾದ ಚೌಕಗಳಾಗಿ ಒಡೆದು ಪ್ರತಿ ಚೌಕಕ್ಕೂ ಒಂದು ಅಂಕಿ ಕೊಡಲಾಗಿರುತ್ತದೆ. ಭಾರತವು 1988ರ ಮಾರ್ಚ್‌ನಲ್ಲಿ ಐ.ಆರ್.ಎಸ್.-1ಎ ಉಪಗ್ರಹವನ್ನು ಕಳುಹಿಸಿದಂದಿನಿಂದ ದೇಶದ ಬೆಳೆ, ಕಾಡು, ನೀರುಗಳ ಚಿತ್ರ ನಮ್ಮದೇ ಉಪಗ್ರಹಗಳಿಂದ ದೊರೆಯುತ್ತಾ ಬಂದಿದೆ. ಲಿಸ್-3 ಕ್ಯಾಮರಾದ ಒಂದು ಚೌಕದ ಬದಿ 23.5 ಮೀಟರ್, ಅಂದರೆ ಸುಮಾರು ಐದೂವರೆ ಗುಂಟೆ. ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಉಚಿತವಾಗಿ ದೊರೆಯುತ್ತದೆ. ಅದರ ಸೂಕ್ಷ್ಮ ಚೌಕದ ಬದಿ 10 ಮೀಟರ್. ಗುಂಟೆಯ ಬದಿ 33 ಅಡಿ, ಎಂದರೆ ಅದೂ 10 ಮೀಟರಿಗೆ ಸಮೀಪ. ಹೀಗಾಗಿ ಆ ಚಿತ್ರದ ಒಂದು ಚೌಕ ಒಂದು ಗುಂಟೆಯೆಂದೇ ತಿಳಿಯಬಹುದು. ಒಂದು ಎಕರೆಗೆ ಸುಮಾರು 40 ಚೌಕ ಬಿದ್ದರೂ ಅವುಗಳಲ್ಲಿ ಅರ್ಧದಷ್ಟು ಅಂಚಿನಲ್ಲಿರುತ್ತವೆ. ಅಂಚಿನ ಚೌಕದಲ್ಲಿ ಪಕ್ಕದ ಹೊಲದ ಬೆಳೆ, ಬದುವಿನ ಮರ, ದಾರಿ ಎಲ್ಲವೂ ಬೆರೆತಿರುವುದರಿಂದ ಹತ್ತು ಹದಿನೈದು ಗುಂಟೆಯ ತುಂಡುಗಳಿಗೆ ಈ ಚಿತ್ರ ನಂಬಲರ್ಹವಾದ ಉತ್ತರ ಕೊಡಲಾರದು.

ಹಸಿರು ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ. ಈ ಎರಡರ ಅಂತರದಿಂದ ಬೆಳೆಯ ಹಸಿರಿನ ಸೂಚ್ಯಂಕವನ್ನು ತೆಗೆಯಲಾಗುತ್ತದೆ. ಆದರೆ ಸೂಚ್ಯಂಕ ಇಳಿದಿದೆ ಎಂದು ಮಾತ್ರ ಚಿತ್ರ ಹೇಳುತ್ತದೆ. ನೀರು ಸಾಲದೆಯೋ, ಹುಳು ಬಿದ್ದೋ, ಕಟಾವಾಗಿಯೋ ಎಂಬುದನ್ನು ಹೊಲಕ್ಕೆ ಹೋಗಿಯೇ ತಿಳಿಯಬೇಕು. ಮುಂಗಾರಿನಲ್ಲಿ ಮೋಡದಿಂದಾಗಿ ಎಷ್ಟೋ ದಿನ ಚಿತ್ರವೇ ಸಿಗುವುದಿಲ್ಲ. ಆಗ ಮೋಡವನ್ನು ದಾಟಿ ನೋಡಬಲ್ಲ ರೇಡಾರ್ ಉಪಗ್ರಹಗಳನ್ನು ಆಶ್ರಯಿಸಲಾಗುತ್ತದೆ.

ಕರ್ನಾಟಕದಲ್ಲಿ ನಡೆದ ಕೆಲಸ

ರಾಜ್ಯದಲ್ಲಿ ಈ ವಿಧಾನ ಹೊಲದವರೆಗೆ ಇಳಿದು ಬಂದುದು ಜಲಾನಯನ ಕಾರ್ಯಕ್ರಮಗಳ ಮೂಲಕ. ವಿಶ್ವ ಬ್ಯಾಂಕಿನ ನೆರವಿನಿಂದ 2001ರಲ್ಲಿ ಮಂಜೂರಾದ ಸುಜಲ ಯೋಜನೆಯು ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಅದರ ಮೇಲ್ವಿಚಾರಣೆಗೆ ಉಪಗ್ರಹ ಚಿತ್ರಗಳನ್ನು ಬಳಸಲಾಯಿತು. ಮುಂದೆ 2012ರಲ್ಲಿ ಮಂಜೂರಾದ ಸುಜಲ-3 ಯೋಜನೆಯಲ್ಲಿ ಭೂ ಸಂಪನ್ಮೂಲ ಸಮೀಕ್ಷೆ ಕೈಗೊಳ್ಳಲಾಯಿತು. ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂ ಬಳಕೆ ಯೋಜನಾ ಸಂಸ್ಥೆಯ ಬೆಂಗಳೂರು ಪ್ರಾದೇಶಿಕ ಕೇಂದ್ರ, ರಾಜ್ಯದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯಗಳು, ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಇವು ಕೈಜೋಡಿಸಿದವು. 1:7920 ಪ್ರಮಾಣದ ಗ್ರಾಮ ನಕಾಶೆಯನ್ನೇ ತಳಹದಿಯಾಗಿಟ್ಟುಕೊಂಡು, ನೆಲದಲ್ಲಿ ಗುಂಡಿ ತೋಡಿ ಮಣ್ಣಿನ ಪದರಗಳನ್ನು ಪರೀಕ್ಷಿಸಿ, ಕಿರು ಜಲಾನಯನವಾರು ನಕಾಶೆ ಪುಸ್ತಕಗಳನ್ನು ಸಿದ್ಧಪಡಿಸಲಾಯಿತು. 2021ರಲ್ಲಿ ವಿಶ್ವ ಬ್ಯಾಂಕ್ ಮಂಜೂರು ಮಾಡಿದ ರಿವಾರ್ಡ್ ಯೋಜನೆ ಇದೇ ಹಾದಿಯಲ್ಲಿ ಮುಂದುವರಿಯಿತು.

ಈ ನಕಾಶೆಗಳ ಮೇಲಿನ ಗುರುತುಗಳನ್ನು ಓದಲು ಕಲಿಯುವುದು ಕಷ್ಟವಲ್ಲ. ಗುರುತಿನ ಮೊದಲ ಅಕ್ಷರಗಳು ಮಣ್ಣಿನ ಸರಣಿಯ ಹೆಸರನ್ನು ಸೂಚಿಸುತ್ತವೆ. ಅನಂತರದ ಅಕ್ಷರ ಮೇಲ್ಮಣ್ಣಿನ ಕಣರಚನೆಯನ್ನು, ಅದರ ಮುಂದಿನದು ಇಳಿಜಾರನ್ನು, ಅಂಕಿಯು ಸವಕಳಿಯನ್ನು ತಿಳಿಸುತ್ತದೆ. ಉದಾಹರಣೆಗೆ, ಸರಣಿಯ ಹೆಸರಿನ ಮುಂದೆ “ಎಂ, ಬಿ, 2” ಎಂದಿದ್ದರೆ ಜೇಡಿಮಣ್ಣು, ಶೇಕಡ 1ರಿಂದ 3 ಇಳಿಜಾರು, ಮಧ್ಯಮ ಸವಕಳಿ ಎಂದರ್ಥ. ಮಣ್ಣಿನ ಆಳವನ್ನು 25 ಸೆಂ.ಮೀ.ಗಿಂತ ಕಡಿಮೆ, 25–50, 50–75, 75–100, 100–150, 150 ಸೆಂ.ಮೀ.ಗಿಂತ ಹೆಚ್ಚು ಎಂದು ಆರು ವರ್ಗ ಮಾಡಲಾಗಿದೆ.

ಪದರಗಳನ್ನು ಕೂಡಿಸಿ ನೋಡಿದಾಗ ದೊರೆಯುವ ಸಲಹೆಯ ಸ್ವರೂಪ ಹೀಗಿರುತ್ತದೆ:

1. ಆಳ 25 ಸೆಂ.ಮೀ.ಗಿಂತ ಕಡಿಮೆ, ಗರಸು ಹೆಚ್ಚು, ಇಳಿಜಾರೂ ಹೆಚ್ಚು: ಉಳುಮೆ ಬೇಡ. ಕಂದಕ ತೆಗೆದು ಹುಲ್ಲು ಮತ್ತು ಮೇವಿನ ಮರ ಬೆಳೆಸುವುದು ಲೇಸು.

2. ಸಾಧಾರಣ ಆಳದ ಕೆಂಪು ಮಣ್ಣು, ಇಳಿಜಾರು ಶೇಕಡ 1ರಿಂದ 3, ಮಳೆ ಕಡಿಮೆ: ಸಮಪಾತಳಿ ಬದು, ಬದುವಿನ ಮೇಲೆ ಹುಲ್ಲು. ರಾಗಿಯಲ್ಲಿ ತೊಗರಿ ಅಥವಾ ಅವರೆಯ ಅಕ್ಕಡಿ ಸಾಲು.

3. ಆಳವಾದ ಎರೆಮಣ್ಣು, ಬಹುತೇಕ ಸಮತಟ್ಟು: ಚೌಕು ಮಡಿ ಮಾಡಿ ಮಳೆನೀರು ಇಂಗಿಸಿ ಹಿಂಗಾರಿ ಜೋಳ ಅಥವಾ ಕಡಲೆ.

4. ಆಳವಾದ ಎರೆಮಣ್ಣು, ಇಳಿಜಾರು ಶೇಕಡ 1ರಿಂದ 3: ಅಲ್ಪ ಓಟ ಕೊಟ್ಟು ಹಾಕಿದ ಬದು ಮತ್ತು ಹೆಚ್ಚಿನ ನೀರು ಹೊರಬೀಳಲು ಕಲ್ಲು ಕಟ್ಟಿದ ಅಥವಾ ಹುಲ್ಲು ಬೆಳೆಸಿದ ಸುರಕ್ಷಿತ ದಾರಿ.

ಕಾಗದದ ಮೇಲೆ ಮೊದಲ ಅಭ್ಯಾಸ

ಕಲಿಯುವವರು ಕಂಪ್ಯೂಟರಿಗೆ ಕೈಹಾಕುವ ಮೊದಲು ಒಂದು ಪ್ರಶ್ನೆಯನ್ನು ಹಿಡಿದು ಕಾಗದದ ಮೇಲೆ ಬಿಡಿಸಿ ನೋಡಬೇಕು. “ಈ ಹೊಲದಲ್ಲಿ ಕೃಷಿ ಹೊಂಡವನ್ನು ಎಲ್ಲಿ ತೆಗೆಯಬೇಕು, ಅದು ತುಂಬುತ್ತದೆಯೇ?” ಎಂಬುದು ಒಳ್ಳೆಯ ಪ್ರಶ್ನೆ. ಕ್ರಮ ಹೀಗಿದೆ:

ಮೊದಲನೆಯ ಹಾಳೆ. ಗ್ರಾಮ ನಕಾಶೆಯ ಮೇಲೆ ಟ್ರೇಸಿಂಗ್ ಕಾಗದವಿಟ್ಟು ಹೊಲದ ಗಡಿ, ಪಕ್ಕದ ಹೊಲಗಳ ಗಡಿ, ದಾರಿಗಳನ್ನು ಬರೆಯಬೇಕು. ನಾಲ್ಕು ಮೂಲೆಗಳಲ್ಲಿ ಗುಣಾಕಾರದ ಗುರುತು ಹಾಕಬೇಕು. ಉಳಿದ ಹಾಳೆಗಳಲ್ಲಿಯೂ ಅದೇ ಜಾಗದಲ್ಲಿ ಗುರುತು ಹಾಕಿದರೆ ಹಾಳೆಗಳು ಸರಿಯಾಗಿ ಹೊಂದುತ್ತವೆ.

ಎರಡನೆಯ ಹಾಳೆ. ಮಳೆ ಬರುವಾಗ ಅಥವಾ ಬಂದ ಮರುದಿನ ಹೊಲದಲ್ಲಿ ನಡೆದು, ನೀರು ಹರಿದ ಗೆರೆಗಳನ್ನು ಬಾಣದ ಗುರುತಿನಿಂದ ಬರೆಯಬೇಕು. ನೀರು ಎರಡು ದಿಕ್ಕಿಗೆ ಒಡೆಯುವ ಏರನ್ನು ಚುಕ್ಕಿಗಳಿಂದ ತೋರಿಸಬೇಕು. ಆ ಚುಕ್ಕಿಗಳ ಒಳಗಿನ ನೆಲವೇ ಹೊಂಡಕ್ಕೆ ನೀರು ಕೊಡುವ ಜಲಾನಯನ.

ಮೂರನೆಯ ಹಾಳೆ. ಹೊಲದಲ್ಲಿ ಐದಾರು ಕಡೆ ಅಗೆದು, ಮಣ್ಣಿನ ಬಣ್ಣ, ಆಳ, ಗರಸು ಸಿಕ್ಕ ಮಟ್ಟಗಳನ್ನು ಬರೆಯಬೇಕು.

ನಾಲ್ಕನೆಯ ಹಾಳೆ. ಬಾವಿ, ಮರ, ವಿದ್ಯುತ್ ಕಂಬ, ಪೈಪು ಸಾಲು ಇವುಗಳನ್ನು ಗುರುತಿಸಬೇಕು.

ನಾಲ್ಕೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ, ನೀರು ಕೂಡುವ, ಅಗೆಯಲು ಮಣ್ಣಿರುವ, ಅಡ್ಡಿಯಿಲ್ಲದ ಜಾಗ ಕಾಣುತ್ತದೆ. ಇನ್ನು ಹೊಂಡ ತುಂಬುವುದೇ ಎಂಬ ಲೆಕ್ಕ. ಮೇಲ್ಭಾಗದಲ್ಲಿ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ, ಬದಿಗಳಿಗೆ ಒಂದಕ್ಕೊಂದು ಓರೆ ಕೊಟ್ಟ ಹೊಂಡದಲ್ಲಿ 252 ಘನ ಮೀಟರ್, ಅಂದರೆ ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಹೊಲ 4 ಎಕರೆ ಇದ್ದು, 50 ಮಿಲಿಮೀಟರ್ ಮಳೆಯಲ್ಲಿ ಐದನೆಯ ಒಂದು ಭಾಗ ಹರಿದು ಬಂದರೆ 162 ಘನ ಮೀಟರ್ ನೀರು ಸೇರುತ್ತದೆ. ಅಂತಹ ಎರಡು ಮಳೆಗೆ ಹೊಂಡ ತುಂಬಬೇಕು.

ಆದರೆ ಎರಡನೆಯ ಹಾಳೆಯ ಮೇಲೆ ಗ್ರಾಫ್ ಕಾಗದವಿಟ್ಟು ಎಣಿಸಿದಾಗ ಚುಕ್ಕಿಗಳ ಒಳಗೆ 15 ಚಿಕ್ಕ ಚೌಕ ಮಾತ್ರ ಬಂದರೆ? ಅದು 60 ಗುಂಟೆ, ಒಂದೂವರೆ ಎಕರೆ. ಉಳಿದ ಎರಡೂವರೆ ಎಕರೆಯ ನೀರು ಬೇರೆ ದಿಕ್ಕಿಗೆ ಹೋಗುತ್ತಿದೆಯೆಂದು ಅರ್ಥ. ಆಗ ಅದೇ ಮಳೆಗೆ ಬರುವ ನೀರು 61 ಘನ ಮೀಟರ್; ಹೊಂಡದ ಕಾಲು ಭಾಗವೂ ತುಂಬದು. ಹಿಡುವಳಿಯ ವಿಸ್ತೀರ್ಣ ಬೇರೆ, ನೀರಿನ ವಿಸ್ತೀರ್ಣ ಬೇರೆ. ಪಹಣಿಯ ಲೆಕ್ಕವನ್ನು ನಂಬಿ ಅಗೆದ ಹೊಂಡ ಬರಿದಾಗಿ ಉಳಿಯುವುದಕ್ಕೆ ಇದೊಂದು ಕಾರಣ. ಅಗೆಯುವ ಯಂತ್ರ ಬರುವ ಮೊದಲೇ ಇದು ತಿಳಿದರೆ ಹೊಂಡವನ್ನು ಚಿಕ್ಕದು ಮಾಡಬಹುದು, ಜಾಗ ಬದಲಿಸಬಹುದು, ಅಥವಾ ಕಾಲುವೆ ತೋಡಿ ಉಳಿದ ನೀರನ್ನು ತಿರುಗಿಸಬಹುದು. ಮೂರನೆಯ ಹಾಳೆಯಲ್ಲಿ ಕೆಂಪು ಮಣ್ಣು, ಗರಸು ಎಂದು ಬಂದಿದ್ದರೆ ನೀರು ಇಂಗಿ ಹೋಗದಂತೆ ತಳಕ್ಕೂ ಬದಿಗೂ ಹೊದಿಕೆ ಬೇಕೆಂಬುದೂ ತಿಳಿಯುತ್ತದೆ.

ಕಂಪ್ಯೂಟರಿನಲ್ಲಿ ಕಲಿಯುವ ಕ್ರಮ

ಕಾಗದದ ಅಭ್ಯಾಸ ಮುಗಿಸಿದವರಿಗೆ ಕಂಪ್ಯೂಟರಿನ ಕೆಲಸ ಹೊಸದೆನಿಸುವುದಿಲ್ಲ. ಅದೇ ಕೆಲಸ ಬೇಗ ಆಗುತ್ತದೆ. ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ ಮತ್ತು ಸಾಧಾರಣ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಇಸ್ರೋ ಸಂಸ್ಥೆ 2009ರಲ್ಲಿ ಆರಂಭಿಸಿದ ಭುವನ್ ತಾಣದಲ್ಲಿ ಉಪಗ್ರಹ ಚಿತ್ರ ಹಾಗೂ ನೆಲದ ಎತ್ತರದ ಮಾಹಿತಿ ಲಭ್ಯವಿದೆ. ವಿಸ್ತರಣಾ ಕಾರ್ಯಕರ್ತರು ಈ ಕ್ರಮವನ್ನು ಅನುಸರಿಸಬಹುದು:

1. ಗ್ರಾಮ ನಕಾಶೆಯ ಪ್ರತಿಯನ್ನು ಕಂಪ್ಯೂಟರಿಗೆ ಸೇರಿಸಿ ಅದಕ್ಕೆ ಸ್ಥಾನ ಕೊಡುವುದು. ಇದಕ್ಕೆ ನಕಾಶೆಯಲ್ಲಿಯೂ ನೆಲದಲ್ಲಿಯೂ ಸ್ಪಷ್ಟವಾಗಿ ಕಾಣುವ ನಾಲ್ಕಕ್ಕೆ ಕಡಿಮೆಯಿಲ್ಲದಷ್ಟು ಜಾಗಗಳು ಬೇಕು. ಮೂರು ಗಡಿ ಕೂಡುವ ಬಾಂದುಕಲ್ಲು, ದಾರಿಯ ಕೂಡುವಿಕೆ, ಹಳೆಯ ಸೇತುವೆ ಆಗಬಹುದು. ಈ ಜಾಗಗಳು ನಕಾಶೆಯ ಒಂದೇ ಮೂಲೆಯಲ್ಲಿರದೆ ಸುತ್ತಲೂ ಹರಡಿರಬೇಕು.

2. ಎಲ್ಲ ಪದರಗಳನ್ನೂ ಒಂದೇ ನಿರ್ದೇಶಾಂಕ ಪದ್ಧತಿಗೆ ತರುವುದು. ಮೀಟರಿನ ಲೆಕ್ಕದ ಯು.ಟಿ.ಎಂ. ಪದ್ಧತಿಯಲ್ಲಿ ಕರ್ನಾಟಕದ ಬಹುಭಾಗ 43ನೆಯ ವಲಯಕ್ಕೆ ಸೇರುತ್ತದೆ; 78 ಡಿಗ್ರಿ ರೇಖಾಂಶದ ಪೂರ್ವಕ್ಕಿರುವ ಕೋಲಾರ, ಮುಳಬಾಗಿಲಿನಂತಹ ಪ್ರದೇಶ 44ನೆಯ ವಲಯಕ್ಕೆ ಸೇರುತ್ತದೆ. ಇದನ್ನು ಗಮನಿಸದಿದ್ದರೆ ಪದರಗಳು ಒಂದರ ಮೇಲೊಂದು ಕೂಡುವುದೇ ಇಲ್ಲ.

3. ಹೊಲ, ಹಳ್ಳ, ಬಾವಿಗಳನ್ನು ಬರೆದು, ಪ್ರತಿಯೊಂದಕ್ಕೂ ವಿವರದ ಪಟ್ಟಿ ತುಂಬುವುದು. ಮಣ್ಣು ಪರೀಕ್ಷೆಯ ಫಲಿತಾಂಶವನ್ನು ಮಾದರಿ ತೆಗೆದ ಜಾಗದ ಸಮೇತ ಸೇರಿಸುವುದು.

4. ಎತ್ತರದ ಮಾಹಿತಿಯಿಂದ ಇಳಿಜಾರು, ನೀರು ಹರಿಯುವ ದಾರಿ, ಜಲಾನಯನದ ಗಡಿ ತೆಗೆಯುವುದು.

5. ಪದರಗಳನ್ನು ಕೂಡಿಸಿ ಪ್ರಶ್ನೆ ಕೇಳುವುದು. ಪ್ರಶ್ನೆಯನ್ನು ಮೊದಲೇ ಒಂದು ವಾಕ್ಯದಲ್ಲಿ ಬರೆದಿಟ್ಟುಕೊಂಡಿರಬೇಕು.

6. ಬಂದ ಉತ್ತರವನ್ನು ಹೊಲದಲ್ಲಿ ತಾಳೆ ನೋಡಿ ತಿದ್ದಿ, ಅನಂತರವೇ ಮುದ್ರಿಸುವುದು. ಮುದ್ರಿಸಿದ ನಕಾಶೆಯಲ್ಲಿ ಅಳತೆ, ಉತ್ತರ ದಿಕ್ಕು, ಗುರುತುಗಳ ವಿವರ, ಮಾಹಿತಿ ಸಂಗ್ರಹಿಸಿದ ವರ್ಷ ಈ ನಾಲ್ಕೂ ಇರಲೇಬೇಕು.

ಎಚ್ಚರಿಕೆಗಳು

ಬಣ್ಣ ಬಣ್ಣದ ನಕಾಶೆ ಕಂಡೊಡನೆ ಅದು ಸತ್ಯವೆಂಬ ಭ್ರಮೆ ಹುಟ್ಟುತ್ತದೆ. ಕೆಳಗಿನ ಸಂಗತಿಗಳನ್ನು ಮರೆಯಬಾರದು.

ಉಚಿತವಾಗಿ ಸಿಗುವ ಎತ್ತರದ ಮಾಹಿತಿಯ ಒಂದು ಚೌಕದ ಬದಿ ಸಾಮಾನ್ಯವಾಗಿ 30 ಮೀಟರ್, ಎಂದರೆ ಸುಮಾರು 9 ಗುಂಟೆಗೆ ಒಂದೇ ಅಂಕಿ. ಹಳ್ಳದ ಜಲಾನಯನ ತೆಗೆಯಲು ಇದು ಸಾಕು. ಹೊಲದಲ್ಲಿ ಬದುವಿನ ಗೆರೆ ಎಳೆಯಲು ಸಾಲದು. ಅದಕ್ಕೆ ಮಟ್ಟ ನೋಡುವ ಉಪಕರಣವನ್ನೇ ಹಿಡಿಯಬೇಕು.

ಮೊಬೈಲ್ ಫೋನು ತೋರಿಸುವ ಸ್ಥಾನದಲ್ಲಿ ಬಯಲಿನಲ್ಲಿಯೂ ಸುಮಾರು 5 ಮೀಟರ್ ವ್ಯತ್ಯಾಸ ಬರುವುದುಂಟು. ಇದು ಗುಂಟೆಯ ಬದಿಯ ಅರ್ಧದಷ್ಟು. ನಿಂತ ಜಾಗದ ಸರ್ವೆ ನಂಬರು ತೋರಿಸುವ ದಿಶಾಂಕ್ ಅಪ್ಲಿಕೇಶನ್ ಬಹಳ ಉಪಯುಕ್ತ. ಆದರೆ ಅದನ್ನು ಹಿಡಿದು ಪಕ್ಕದ ಹೊಲದವರೊಡನೆ ಗಡಿಯ ವಾದಕ್ಕೆ ಇಳಿಯುವುದು ತರವಲ್ಲ. ಗಡಿಯನ್ನು ಅಳೆದು ಗೊತ್ತುಪಡಿಸಬೇಕಾದವರು ಭೂಮಾಪಕರು.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಮಳೆಯಾಶ್ರಿತ ಪ್ರದೇಶಕ್ಕೆ 10 ಹೆಕ್ಟೇರಿಗೆ ಒಂದರಂತೆ, ನೀರಾವರಿಗೆ ಎರಡೂವರೆ ಹೆಕ್ಟೇರಿಗೆ ಒಂದರಂತೆ ಮಾದರಿ ತೆಗೆಯುವ ಕ್ರಮವಿಡಲಾಯಿತು. 10 ಹೆಕ್ಟೇರೆಂದರೆ ಸುಮಾರು 25 ಎಕರೆ. ಅಷ್ಟರಲ್ಲಿ ಹಲವು ರೈತರ ಹೊಲಗಳಿರಬಹುದು. ತನ್ನ ಹೊಲದ ನಿಜವಾದ ಸ್ಥಿತಿ ಬೇಕೆನ್ನುವ ರೈತನು ತನ್ನ ಹೊಲದ ಮಾದರಿಯನ್ನೇ ಪ್ರತ್ಯೇಕವಾಗಿ ಪರೀಕ್ಷೆ ಮಾಡಿಸಬೇಕು.

ಅಂತರ್ಜಲದ ನಕಾಶೆ ನೀರು ಸಿಗುವ ಸಾಧ್ಯತೆಯನ್ನು ತೋರಿಸುತ್ತದೆಯೇ ವಿನಾ ಭರವಸೆ ನೀಡುವುದಿಲ್ಲ. ಗಟ್ಟಿ ಕಲ್ಲಿನ ಪ್ರದೇಶದಲ್ಲಿ ನೀರು ಬಿರುಕುಗಳಲ್ಲಿರುತ್ತದೆ. ಹತ್ತು ಮಾರು ಆಚೀಚೆ ಆದರೂ ಕೊಳವೆಬಾವಿ ಬರಿದಾಗಬಹುದು.

ಊರಿನವರ ತಾಳೆ

ಉಪಗ್ರಹಕ್ಕೆ ಕಾಣದ, ರೈತನಿಗೆ ಮಾತ್ರ ಗೊತ್ತಿರುವ ಸಂಗತಿಗಳು ಹಲವು. ಯಾವ ಹೊಲದಲ್ಲಿ ಬೇಸಗೆಯಲ್ಲಿ ಚೌಳು ಬಿಳಿಚಿಕೊಳ್ಳುತ್ತದೆ, ಯಾವ ಬಾವಿ ಯಾವ ತಿಂಗಳಲ್ಲಿ ತಳ ಕಾಣುತ್ತದೆ, ಹಳ್ಳ ಯಾವ ವರ್ಷ ದಿಕ್ಕು ಬದಲಿಸಿತು ಇತ್ಯಾದಿ. ಕರಡು ನಕಾಶೆ ಸಿದ್ಧವಾದೊಡನೆ ಊರಿನಲ್ಲಿ ಹತ್ತು ಜಾಗಗಳನ್ನು ಆರಿಸಿ, ಆ ಹೊಲಗಳ ರೈತರೊಡನೆ ಹೋಗಿ ಅಗೆದು ನೋಡಬೇಕು. ನಕಾಶೆಯ ಆಳಕ್ಕೂ ಗುಂಡಿಯ ಆಳಕ್ಕೂ ಎಷ್ಟು ಕಡೆ ಹೊಂದಿತು ಎಂದು ಬರೆದಿಡಬೇಕು. ಹೊಂದದ ಕಡೆ ತಿದ್ದಬೇಕಾದುದು ನಕಾಶೆಯನ್ನೇ. ಸಂಜೆ ಅರಳಿಕಟ್ಟೆಯಲ್ಲಿ ನಕಾಶೆಯನ್ನು ಹಾಸಿ ಎಲ್ಲರೂ ನೋಡುವಂತೆ ಇಟ್ಟರೆ ಇನ್ನಷ್ಟು ತಿದ್ದುಪಡಿ ದೊರೆಯುತ್ತದೆ. ಹೆಣ್ಣುಮಕ್ಕಳನ್ನೂ, ಕುರಿ ದನ ಮೇಯಿಸುವವರನ್ನೂ ಕರೆಯಬೇಕು. ಕುಡಿಯುವ ನೀರಿನ ಸೆಲೆ ಮತ್ತು ಗೋಮಾಳದ ಸ್ಥಿತಿ ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿದಿರುವುದಿಲ್ಲ.

ಇಡೀ ಜಲಾನಯನವನ್ನು ಒಂದೇ ನಕಾಶೆಯಲ್ಲಿ ನೋಡುವುದರಿಂದ ಆಗುವ ದೊಡ್ಡ ಪ್ರಯೋಜನ ಇನ್ನೊಂದಿದೆ. ಮೇಲ್ಭಾಗದ ರೈತ ತೆಗೆದ ಹೊಂಡ ಅವನಿಗೆ ಲಾಭ; ಅದೇ ನೀರಿಗಾಗಿ ಕೆಳಗಿನ ಕೆರೆಯ ಅಚ್ಚುಕಟ್ಟಿನವರೂ ಕಾದಿರುತ್ತಾರೆ. 500 ಹೆಕ್ಟೇರಿನ ಕಿರು ಜಲಾನಯನದಲ್ಲಿ 50 ಮಿಲಿಮೀಟರ್ ಮಳೆಯ ಐದನೆಯ ಒಂದು ಭಾಗ ಹರಿದರೆ 50,000 ಘನ ಮೀಟರ್ ನೀರು. ಮೇಲೆ ಹೇಳಿದ ಅಳತೆಯ 60 ಹೊಂಡಗಳು ಅಲ್ಲಿದ್ದು ಎಲ್ಲವೂ ತುಂಬಿದರೆ ಅವು ಹಿಡಿಯುವುದು ಸುಮಾರು 15,000 ಘನ ಮೀಟರ್, ಅಂದರೆ ಆ ಮಳೆಯ ನೀರಿನಲ್ಲಿ ಶೇಕಡ 30. ತಡೆ ಅಣೆಗಳ ಲೆಕ್ಕ ಇದಕ್ಕೆ ಹೊರತು. ಒಂದೊಂದು ಅರ್ಜಿಯನ್ನೂ ಬಿಡಿಯಾಗಿ ಮಂಜೂರು ಮಾಡುತ್ತಾ ಹೋದರೆ ಈ ಮೊತ್ತ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆರೆ ಏಕೆ ಕೋಡಿ ಬೀಳಲಿಲ್ಲ ಎಂಬ ಜಗಳ ಮಾತ್ರ ಉಳಿಯುತ್ತದೆ. ಎಲ್ಲ ಹೊಂಡ, ಅಣೆ, ಕೆರೆಗಳೂ ಒಂದೇ ಪದರದಲ್ಲಿ ಕಂಡಾಗ ಎಷ್ಟು ನೀರು ಮೇಲೆ ನಿಲ್ಲಬೇಕು, ಎಷ್ಟು ಕೆಳಕ್ಕೆ ಬಿಡಬೇಕು ಎಂಬುದನ್ನು ಗ್ರಾಮಸಭೆಯಲ್ಲಿ ಅಂಕಿಯಿಟ್ಟು ಮಾತನಾಡಬಹುದು. ತೀರ್ಮಾನ ಮಾಡುವವರು ಊರಿನವರೇ. ನಕಾಶೆ ಅವರ ಮುಂದೆ ಲೆಕ್ಕವನ್ನಿಡುತ್ತದೆ.

ನೆನಪಿನಲ್ಲಿಡಬೇಕಾದ ಅಂಶಗಳು

• ಮೊದಲು ಪ್ರಶ್ನೆ, ಅನಂತರ ನಕಾಶೆ.

• ಹೊಲದ ಸಲಹೆಗೆ ಗ್ರಾಮ ನಕಾಶೆಯ ಪ್ರಮಾಣ. ಹಳ್ಳದ ಲೆಕ್ಕಕ್ಕೆ ಸ್ಥಳಾಕೃತಿ ನಕಾಶೆ.

• 1:7920 ನಕಾಶೆಯಲ್ಲಿ ಒಂದು ಚದರ ಅಂಗುಲಕ್ಕೆ 10 ಎಕರೆ.

• ಹೊಂಡದ ಅಳತೆಯನ್ನು ನೀರು ಹರಿದು ಬರುವ ವಿಸ್ತೀರ್ಣದಿಂದ ಗೊತ್ತುಮಾಡಬೇಕು, ಹಿಡುವಳಿಯ ವಿಸ್ತೀರ್ಣದಿಂದಲ್ಲ.

• ಹೊಲದಲ್ಲಿ ತಾಳೆ ನೋಡದ ನಕಾಶೆಯ ಮೇಲೆ ಹಣ ಹಾಕಬಾರದು.

ತಮ್ಮ ಕಿರು ಜಲಾನಯನದ ಭೂ ಸಂಪನ್ಮೂಲ ನಕಾಶೆ ತಯಾರಾಗಿದೆಯೇ ಎಂಬುದನ್ನು ರೈತರು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ತಯಾರಾಗಿದ್ದರೆ ತಮ್ಮ ಸರ್ವೆ ನಂಬರಿನ ಗುರುತನ್ನು ಓದಿಸಿಕೊಂಡು, ಮುಂಗಾರಿಗೆ ಮೊದಲೇ ಹೊಲದಲ್ಲಿ ಎರಡು ಕಡೆ ಅಗೆದು ಹೋಲಿಸಿ ನೋಡುವುದು ಒಳ್ಳೆಯದು. ತಯಾರಾಗಿರದಿದ್ದರೆ ನಾಲ್ಕು ಹಾಳೆ ಟ್ರೇಸಿಂಗ್ ಕಾಗದದಿಂದ ಈ ವರ್ಷವೇ ಆರಂಭಿಸಬಹುದು. ಬದುವಿಗೆ ಮಣ್ಣು ಹಾಕುವ ಮೊದಲು ಕಾಗದದ ಮೇಲೆ ಗೆರೆ ಎಳೆದು ನೋಡಿದವನಿಗೆ ತಪ್ಪನ್ನು ಅಳಿಸಲು ಒಂದು ರಬ್ಬರ್ ಸಾಕು. ನೆಲದ ಮೇಲೆ ಆದ ತಪ್ಪನ್ನು ಸರಿಪಡಿಸಲು ಎಷ್ಟೋ ಮಳೆಗಾಲಗಳು ಬೇಕಾಗುತ್ತವೆ.